ಬೆಕ್ಕು ಸಾಕಿದವರು ಕೇಳುವ ಪ್ರಶ್ನೆಗಳು: ಹಟ ಯಾವುದು, ಕಾಯಿಲೆ ಯಾವುದು?

ನಮ್ಮ ಕಡೆ ನಾಯಿಯ ಬಗ್ಗೆ ಕೇಳಲು ಯಾರಿಗೂ ಸಂಕೋಚವಿಲ್ಲ. ಮುಧೋಳ ತಳಿಗಾಗಿ ತಿಮ್ಮಾಪುರದಲ್ಲಿ ಸಂಶೋಧನಾ ಕೇಂದ್ರವೇ ಇದೆ. ಬೆಕ್ಕಿನ ವಿಷಯ ಬಂದಾಗ ಮಾತ್ರ ಜನ ದನದ ದವಾಖಾನೆಯ ಬಾಗಿಲಲ್ಲಿ ಕಾದು, ಎಮ್ಮೆ-ಆಡುಗಳ ಸರದಿ ಮುಗಿದ ಮೇಲೆ ದನಿ ತಗ್ಗಿಸಿ ಕೇಳುತ್ತಾರೆ. ಬಾಗಲಕೋಟೆ, ಜಮಖಂಡಿ, ಇಳಕಲ್ಲಿನಿಂದ ಹಿಡಿದು ವಿಜಯಪುರ, ಗೋಕಾಕ, ಬೆಳಗಾವಿಯವರೆಗೆ ಮಾತಿನಲ್ಲಿ, ಫೋನಿನಲ್ಲಿ, ಪತ್ರದಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಹೆಚ್ಚಿನವುಗಳ ಹಿಂದೆ ಇರುವುದು ಒಂದೇ ಗೊಂದಲ: ಇದು ಬೆಕ್ಕಿನ ಹಟವೋ, ನೋವೋ? ರೂಢಿ ದಿಢೀರನೆ ಬದಲಾದರೆ ಮೊದಲು ನೋವನ್ನೇ ಶಂಕಿಸಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

## ಹೊಸದಾಗಿ ಸಾಕಿದವರಿಗೆ

ಬೆಕ್ಕು ನರಳುವುದಿಲ್ಲ, ಕುಂಟುವುದಿಲ್ಲ. ಹುಷಾರಿಲ್ಲ ಎಂದು ತಿಳಿಯುವುದು ಹೇಗೆ?

ಬೆಕ್ಕು ಬೇಟೆಯಾಡುವ ಪ್ರಾಣಿ ಹೌದು, ದೊಡ್ಡ ಪ್ರಾಣಿಗಳಿಗೆ ಬೇಟೆಯಾಗುವ ಪ್ರಾಣಿಯೂ ಹೌದು. ನೋವು ತೋರಿಸಿಕೊಂಡರೆ ಜೀವಕ್ಕೆ ಅಪಾಯ ಎಂಬುದು ಅದರ ಸ್ವಭಾವದಲ್ಲೇ ಇದೆ. ಆದ್ದರಿಂದ ಅದು ಬಾಯಿಬಿಟ್ಟು ಹೇಳುವುದಿಲ್ಲ, ದಿನಚರಿಯಲ್ಲಿ ಹೇಳುತ್ತದೆ. ತಟ್ಟೆಯಲ್ಲಿ ಎಷ್ಟು ಉಳಿಯಿತು, ನೀರು ಎಷ್ಟು ಕುಡಿಯಿತು, ಮೂತ್ರ ಎಷ್ಟು ಸಲ ಮಾಡಿತು ಎಂಬುದನ್ನು ಗಮನಿಸಿ. ದಿನವೂ ಕಿಟಕಿಯ ಕಟ್ಟೆಗೆ ಹಾರುತ್ತಿದ್ದ ಬೆಕ್ಕು ನೆಲದಲ್ಲೇ ಕುಳಿತರೆ ಕೀಲುನೋವಿರಬಹುದು. ಮೈ ನೆಕ್ಕಿಕೊಳ್ಳುವುದನ್ನು ಬಿಟ್ಟು ಕೂದಲು ಗಂಟುಗಂಟಾದರೆ, ಮಂಚದಡಿ ಸೇರಿ ಹೊರಗೆ ಬಾರದಿದ್ದರೆ, ಅವೂ ಲಕ್ಷಣಗಳೇ.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಬೆಕ್ಕು ಗಾಢವಾಗಿ ನಿದ್ರಿಸುವಾಗ ಎದೆ ಏರಿಳಿಯುವುದನ್ನು ಒಂದು ನಿಮಿಷ ಎಣಿಸಿ. ಸಾಮಾನ್ಯವಾಗಿ ಅದು 30ರೊಳಗೆ ಇರುತ್ತದೆ. ಮತ್ತೆ ಮತ್ತೆ ಅದಕ್ಕಿಂತ ಹೆಚ್ಚು ಬಂದರೆ ಹೃದಯ ಅಥವಾ ಶ್ವಾಸಕೋಶವನ್ನು ಪರೀಕ್ಷಿಸಬೇಕು. ಗುರ್‌ಗುಟ್ಟುತ್ತಿದೆ, ಹಾಗಾಗಿ ಸುಖವಾಗಿದೆ ಎಂದು ನಂಬಬೇಡಿ. ತೀವ್ರ ನೋವಿನಲ್ಲಿರುವ ಬೆಕ್ಕೂ ಗುರ್‌ಗುಟ್ಟುತ್ತದೆ.

ನಮ್ಮದು ಶಾಕಾಹಾರಿ ಮನೆ. ಅಜ್ಜಿಯ ಕಾಲದಿಂದ ಹಾಲು-ರೊಟ್ಟಿ ಹಾಕುತ್ತಿದ್ದೇವೆ. ಈಗ ಏಕೆ ಸಾಲುವುದಿಲ್ಲ ಎನ್ನುತ್ತೀರಿ?

ನಿಮ್ಮ ಅಜ್ಜಿಯ ಬೆಕ್ಕು ಹಾಲು-ರೊಟ್ಟಿಯಿಂದ ಬದುಕಲಿಲ್ಲ, ಜೋಳದ ಹಗೇವು ಮತ್ತು ಕಣಜದ ಸುತ್ತಲಿದ್ದ ಇಲಿಗಳಿಂದ ಬದುಕಿತು. ರೊಟ್ಟಿ ಅದಕ್ಕೆ ಮೇಲೋಗರ. ಇಂದು ಬಾಗಲಕೋಟೆಯ ವಿದ್ಯಾಗಿರಿ ಬಡಾವಣೆಯಲ್ಲಿ, ಎರಡನೇ ಮಹಡಿಯ ಬಾಗಿಲು ಮುಚ್ಚಿದ ಮನೆಯೊಳಗಿರುವ ಬೆಕ್ಕಿಗೆ ಇಲಿ ಎಲ್ಲಿಂದ ಬರಬೇಕು?

ಬೆಕ್ಕು ಮಾಂಸವಿಲ್ಲದೆ ಬದುಕಲಾರದ ಪ್ರಾಣಿ. ಟಾರಿನ್ ಎಂಬ ಪೋಷಕಾಂಶವನ್ನು ಅದರ ದೇಹ ಬೇಕಾದಷ್ಟು ತಯಾರಿಸಿಕೊಳ್ಳುವುದಿಲ್ಲ, ಕಾಳು-ಧಾನ್ಯಗಳಲ್ಲಿ ಅದು ಸಿಗುವುದೂ ಇಲ್ಲ. ಟಾರಿನ್ ಕೊರತೆಯಾದರೆ ಕಣ್ಣಿನ ಅಕ್ಷಿಪಟಲ ಹಾಳಾಗಿ ದೃಷ್ಟಿ ಹೋಗುತ್ತದೆ, ಹೃದಯದ ಸ್ನಾಯು ಸಡಿಲಗೊಂಡು ಹಿಗ್ಗುತ್ತದೆ. ಹೃದಯದ ಈ ಕಾಯಿಲೆಗೂ ಟಾರಿನ್‌ಗೂ ಇರುವ ನಂಟನ್ನು ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 1987ರಲ್ಲಿ ತೋರಿಸಿಕೊಟ್ಟರು. ಅದರ ನಂತರ ಸಿದ್ಧ ಬೆಕ್ಕಿನ ಆಹಾರಕ್ಕೆ ಟಾರಿನ್ ಹೆಚ್ಚಾಗಿ ಸೇರಿಸಲಾರಂಭಿಸಿದರು. ಗಜ್ಜರಿಯಲ್ಲಿ (ಕ್ಯಾರೆಟ್) ಇರುವ ಅಂಶದಿಂದ ನಾವು ‘ಎ’ ಜೀವಸತ್ವ ತಯಾರಿಸಿಕೊಳ್ಳುತ್ತೇವೆ, ಬೆಕ್ಕಿಗೆ ಅದೂ ಆಗದು.

ಮನೆಯ ಆಚಾರವನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಬೆಕ್ಕಿಗೆಂದೇ ತಯಾರಾದ ಸಿದ್ಧ ಆಹಾರವನ್ನು ಹಿತ್ತಿಲಲ್ಲಿ ಬೇರೆ ತಟ್ಟೆ, ಬೇರೆ ಚಮಚ ಇಟ್ಟು ಹಾಕಿ. ಅನೇಕ ಮನೆಗಳು ಹೀಗೆ ದಾರಿ ಕಂಡುಕೊಂಡಿವೆ. ಬೇಯಿಸಿದ ಮೊಟ್ಟೆ ಒಳ್ಳೆಯದು, ಆದರೆ ಅದೊಂದೇ ಸಾಲದು. ನಾಯಿಯ ಆಹಾರ ಬೇಡ, ಅದನ್ನು ಬೆಕ್ಕಿನ ಅಗತ್ಯಕ್ಕೆ ತಕ್ಕಂತೆ ಮಾಡಿರುವುದಿಲ್ಲ. ಹಾಲಿನ ವಿಷಯಕ್ಕೆ ಬಂದರೆ, ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲಿನ ಸಕ್ಕರೆ ಜೀರ್ಣವಾಗುವುದಿಲ್ಲ. ಭೇದಿಯಾಗುತ್ತಿದ್ದರೆ ಮೊದಲು ಹಾಲು ನಿಲ್ಲಿಸಿ ನೋಡಿ.

ಹೊರಗೇ ಹೋಗದ ಬೆಕ್ಕಿಗೂ ಲಸಿಕೆ ಬೇಕೇ?

ಬೇಕು. ಬೆಕ್ಕು ಹೊರಗೆ ಹೋಗದಿದ್ದರೂ ನಿಮ್ಮ ಚಪ್ಪಲಿ ಹೋಗುತ್ತದೆ, ಕೆಲವು ವೈರಸ್‌ಗಳು ಅದರಲ್ಲೇ ಒಳಗೆ ಬರುತ್ತವೆ. ಮರಿಗೆ 6ರಿಂದ 8 ವಾರವಾದಾಗ ಮೂರು ರೋಗಗಳ ಸಂಯುಕ್ತ ಲಸಿಕೆ ಶುರುವಾಗುತ್ತದೆ. 3-4 ವಾರಗಳ ಅಂತರದಲ್ಲಿ 16 ವಾರ ತುಂಬುವವರೆಗೆ ಮುಂದುವರಿಸಬೇಕು. ತಾಯಿಯಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿ ಇರುವವರೆಗೆ ಲಸಿಕೆ ಸರಿಯಾಗಿ ನಾಟುವುದಿಲ್ಲ, ಅದಕ್ಕೇ ಇಷ್ಟು ಸಲ. ಸುಮಾರು 12 ವಾರಕ್ಕೆ ರೇಬೀಸ್ ಲಸಿಕೆ. ಒಂದು ವರ್ಷದ ಬಳಿಕ ಎರಡನ್ನೂ ಮತ್ತೊಮ್ಮೆ ಹಾಕಿಸಿ, ನಂತರದ ಅಂತರವನ್ನು ವೈದ್ಯರು ಹೇಳುತ್ತಾರೆ.

ಬೆಕ್ಕು ಪರಚಿತು. ನಾಯಿ ಕಚ್ಚಿದರೆ ತಾನೇ ಇಂಜೆಕ್ಷನ್?

ಬೆಕ್ಕಿನಿಂದಲೂ ರೇಬೀಸ್ ಬರುತ್ತದೆ. ರೋಗ ಕಾಣಿಸಿಕೊಂಡ ಮೇಲೆ ಉಳಿಸಿಕೊಳ್ಳುವ ದಾರಿ ಇಲ್ಲವೆಂದೇ ತಿಳಿಯಿರಿ. ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ ಪೂರ್ತಿ 15 ನಿಮಿಷ ತೊಳೆಯಿರಿ. ಸುಣ್ಣ, ಅರಿಸಿನ, ಖಾರದ ಪುಡಿ ಯಾವುದನ್ನೂ ಮೆತ್ತಬೇಡಿ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಚರ್ಮದೊಳಗೆ ಕೊಡುವ ಲಸಿಕೆಯ ದಿನಗಳು 0, 3, 7 ಮತ್ತು 28. ರಕ್ತ ಬಂದಿದ್ದರೆ ಗಾಯದೊಳಗೇ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯದ ಚುಚ್ಚುಮದ್ದು) ಕೂಡ ಕೊಡಬೇಕಾಗುತ್ತದೆ. ಲಸಿಕೆ ಶುರು ಮಾಡಿದ ಮೇಲೆ ಬೆಕ್ಕನ್ನು 10 ದಿನ ಗಮನಿಸಿ, ಅದು ಆರೋಗ್ಯವಾಗಿದ್ದರೆ ಮುಂದೇನು ಎಂದು ವೈದ್ಯರು ನಿರ್ಧರಿಸುತ್ತಾರೆ.

ರೇಬೀಸ್ ಅಲ್ಲದೆ ಇನ್ನೊಂದು ತೊಂದರೆಯೂ ಇದೆ. ಬೆಕ್ಕಿನ ಹಲ್ಲು ಸೂಜಿಯಷ್ಟು ಚೂಪು. ಮೇಲೆ ಸಣ್ಣ ತೂತು ಕಂಡರೂ ಬ್ಯಾಕ್ಟೀರಿಯಾ ಆಳಕ್ಕೆ ಇಳಿದಿರುತ್ತದೆ. ಕೈಬೆರಳು ಒಂದೇ ದಿನದಲ್ಲಿ ಊದಿ ಕೆಂಪಾಗಬಹುದು.

ಮಗಳು ಬಾಣಂತನಕ್ಕೆ ತವರಿಗೆ ಬಂದಿದ್ದಾಳೆ. ಬೆಕ್ಕನ್ನು ಬಿಟ್ಟುಬರಬೇಕೆಂದು ಬೀಗರು ಹೇಳುತ್ತಿದ್ದಾರೆ.

ಬಿಟ್ಟುಬರಬೇಕಾಗಿಲ್ಲ. ಅವರ ಭಯ ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿಯದು, ಭಯಕ್ಕೆ ಆಧಾರವೂ ಇದೆ, ಏಕೆಂದರೆ ಗರ್ಭಾವಸ್ಥೆಯಲ್ಲಿ ಅದು ಮೊದಲ ಬಾರಿಗೆ ತಗುಲಿದರೆ ಮಗುವಿಗೆ ಹಾನಿಯಾಗಬಹುದು. ಆದರೆ ಬೆಕ್ಕು ಅದರ ಮೊಟ್ಟೆಗಳನ್ನು ಹೊರಹಾಕುವುದು ಸಾಮಾನ್ಯವಾಗಿ ಮೊದಲ ಸೋಂಕಿನ ನಂತರದ ಒಂದೆರಡು ವಾರ ಮಾತ್ರ. ಹೊರಬಿದ್ದ ಮೊಟ್ಟೆಗಳಿಗೆ ಸೋಂಕು ತಗುಲಿಸುವ ಶಕ್ತಿ ಬರಲು ಒಂದು ದಿನವಾದರೂ ಬೇಕು. ಮಲವನ್ನು ದಿನವೂ ಮನೆಯ ಬೇರೊಬ್ಬರು ತೆಗೆದರೆ ಆಯಿತು. ಬಸುರಿ ಹೆಂಗಸು ಹಿತ್ತಿಲ ಮಣ್ಣಿನಲ್ಲಿ ಬರಿಗೈಯಲ್ಲಿ ಕೆಲಸ ಮಾಡಬಾರದು, ಸೊಪ್ಪು-ತರಕಾರಿ ಚೆನ್ನಾಗಿ ತೊಳೆಯಬೇಕು, ಮಾಂಸ ತಿನ್ನುವವರಾದರೆ ಪೂರ್ತಿ ಬೇಯಿಸಬೇಕು. ಬೆಕ್ಕನ್ನು ಸವರುವುದರಿಂದ, ಅದರ ಕೂದಲಿನಿಂದ ಈ ರೋಗ ಬರುವುದು ತೀರಾ ಅಪರೂಪ.

ಬೆಕ್ಕಿನ ಕೂದಲಿನಿಂದ ದಮ್ಮು ಬರುತ್ತದಂತೆ, ನಿಜವೇ?

ಅಲರ್ಜಿ ಇರುವವರಿಗೆ ದಮ್ಮು ಹೆಚ್ಚಬಹುದು. ಕಾರಣ ಕೂದಲಲ್ಲ, ಬೆಕ್ಕಿನ ಜೊಲ್ಲು ಮತ್ತು ಚರ್ಮದಲ್ಲಿರುವ ಒಂದು ಪ್ರೋಟೀನು. ಬೆಕ್ಕು ಮೈ ನೆಕ್ಕಿಕೊಂಡಾಗ ಅದು ಕೂದಲಿಗೆ ಅಂಟಿ ಮನೆಯೆಲ್ಲ ಹರಡುತ್ತದೆ. ಕೂದಲು ಬೋಳಿಸಿದರೆ ಪ್ರಯೋಜನವಿಲ್ಲ. ಮಲಗುವ ಕೋಣೆಗೆ ಬೆಕ್ಕನ್ನು ಬಿಡಬೇಡಿ, ಹಾಸಿಗೆಯ ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆಯಿರಿ.

ಬೆಕ್ಕನ್ನು ದವಾಖಾನೆಗೆ ಒಯ್ಯುವುದೇ ದೊಡ್ಡ ಕಾಳಗ. ಚೀಲದಲ್ಲಿ ಕಟ್ಟಿ ತರಬಹುದೇ?

ದಯವಿಟ್ಟು ಬೇಡ. ಬಿಸಿಲಲ್ಲಿ ಬಾಯಿ ಕಟ್ಟಿದ ಚೀಲದೊಳಗೆ ಬೆಕ್ಕು ಉಸಿರುಗಟ್ಟಿ ಬರುತ್ತದೆ, ಮತ್ತೆ ಜನ್ಮದಲ್ಲಿ ದವಾಖಾನೆಯನ್ನು ನಂಬುವುದಿಲ್ಲ. ಮುಚ್ಚಳವಿರುವ ಗಾಳಿಯಾಡುವ ಬುಟ್ಟಿ ಸಾಕು. ಅದನ್ನು ಹೋಗುವ ದಿನ ಅಟ್ಟದಿಂದ ಇಳಿಸಬೇಡಿ. ಒಂದು ವಾರ ಮೊದಲೇ ಮನೆಯ ಮೂಲೆಯಲ್ಲಿ ತೆರೆದಿಟ್ಟು, ಒಳಗೆ ಹಳೆಯ ಸೀರೆ ಹಾಸಿ, ಅಲ್ಲೇ ತಿನ್ನಲು ಕೊಡಿ. ಬಸ್ಸಿನಲ್ಲಿ ಬುಟ್ಟಿಯ ಮೇಲೆ ತೆಳುಬಟ್ಟೆ ಹೊದಿಸಿ. ಸುತ್ತಲಿನದು ಕಾಣದಿದ್ದರೆ ಬೆಕ್ಕಿಗೆ ಅರ್ಧ ಧೈರ್ಯ ಬರುತ್ತದೆ.

## ನಡವಳಿಕೆಯ ಬಗ್ಗೆ

ಬೈದದ್ದಕ್ಕೆ ಸೇಡು ತೀರಿಸಿಕೊಳ್ಳಲು ಹಾಸಿಗೆಯ ಮೇಲೆ ಮೂತ್ರ ಮಾಡುತ್ತಿದೆ. ಹೇಗೆ ಬುದ್ಧಿ ಕಲಿಸುವುದು?

ಸೇಡಿನ ಯೋಚನೆ ಬೆಕ್ಕಿಗಿಲ್ಲ. ನನಗೆ ಬಹಳ ನೋವು ಕೊಡುವ ಪ್ರಶ್ನೆ ಇದು, ಏಕೆಂದರೆ ಈ ಕಾರಣಕ್ಕೇ ಎಷ್ಟೋ ಬೆಕ್ಕುಗಳನ್ನು ಘಟಪ್ರಭೆಯ ಆಚೆ ದಡಕ್ಕೆ ಬಿಟ್ಟುಬರುತ್ತಾರೆ. ಮೂತ್ರಕೋಶ ಉರಿಯುತ್ತಿದ್ದರೆ ಬೆಕ್ಕು ಆ ಉರಿಯನ್ನು ತನ್ನ ಮರಳಿನ ಟ್ರೇಯೊಂದಿಗೆ ಜೋಡಿಸಿಕೊಂಡು ಅದರಿಂದ ದೂರ ಹೋಗುತ್ತದೆ, ಮೆತ್ತಗಿನ ಜಾಗ ಹುಡುಕುತ್ತದೆ. ಮೊದಲು ಮೂತ್ರ ಪರೀಕ್ಷೆ ಮಾಡಿಸಿ.

ಅದರಲ್ಲಿ ಏನೂ ಇಲ್ಲವೆಂದಾದರೆ ಟ್ರೇ ನೋಡಿ. ದಿನಕ್ಕೊಮ್ಮೆಯಾದರೂ ಸ್ವಚ್ಛವಾಗುತ್ತಿದೆಯೇ? ವಾಷಿಂಗ್ ಮಷಿನ್ ಪಕ್ಕದಲ್ಲೋ ಮಕ್ಕಳು ಓಡಾಡುವ ದಾರಿಯಲ್ಲೋ ಇದೆಯೇ? ಮೂಗಿಗೆ ಬಡಿಯುವ ಫಿನೈಲ್‌ನಿಂದ ತೊಳೆಯುತ್ತೀರಾ? ಬೆಕ್ಕುಗಳ ಸಂಖ್ಯೆಗಿಂತ ಒಂದು ಟ್ರೇ ಹೆಚ್ಚಿರಲಿ. ಜರಡಿ ಹಿಡಿದ ನುಣುಪು ಮರಳು ಹೆಚ್ಚಿನ ಬೆಕ್ಕುಗಳಿಗೆ ಒಪ್ಪುತ್ತದೆ. ಅದರ ಮೂಗನ್ನು ಮೂತ್ರಕ್ಕೆ ಉಜ್ಜುವ ಹಳೆಯ ಪದ್ಧತಿ ಕ್ರೌರ್ಯವೇ ಹೊರತು ಶಿಕ್ಷಣವಲ್ಲ.

ಗಂಡು ಬೆಕ್ಕು ಬಾಲವೆತ್ತಿ ಗೋಡೆಗೆ, ಬೈಕಿಗೆ ಸಿಡಿಸುತ್ತದೆ. ಇದೂ ಕಾಯಿಲೆಯೇ?

ಇಲ್ಲ, ಇದು ತನ್ನ ಗಡಿ ಗುರುತಿಸುವ ರೀತಿ. ನಿಂತುಕೊಂಡು, ನೆಟ್ಟಗಿರುವ ವಸ್ತುವಿಗೆ, ಸ್ವಲ್ಪವೇ ಸಿಡಿಸಿದರೆ ಗುರುತು. ಕುಳಿತು ನೆಲದ ಮೇಲೆ ಮಾಡಿದರೆ ಮೇಲಿನ ಉತ್ತರ ಓದಿ. ಸಂತಾನಹರಣ ಶಸ್ತ್ರಚಿಕಿತ್ಸೆಯಾದ ಮೇಲೆ ಬಹುಪಾಲು ಗಂಡುಗಳು ಸಿಡಿಸುವುದನ್ನು ನಿಲ್ಲಿಸುತ್ತವೆ ಅಥವಾ ಬಹಳ ಕಡಿಮೆ ಮಾಡುತ್ತವೆ. ಬೀದಿ ಕಾಳಗ ತಗ್ಗುತ್ತದೆ, ಅದರಿಂದ ಆಗುವ ಕೀವಿನ ಬಾವುಗಳೂ ತಗ್ಗುತ್ತವೆ.

ಸೋಫಾ ಹರಿದು ಚಿಂದಿ ಮಾಡಿದೆ. ಉಗುರು ತೆಗೆಸಬಹುದೇ?

ಉಗುರು ತೆಗೆಸುವುದೆಂದರೆ ಬೆರಳಿನ ತುದಿಯ ಮೂಳೆಯನ್ನೇ ಕತ್ತರಿಸುವುದು. ನಾನು ಮಾಡುವುದಿಲ್ಲ, ಯಾರೂ ಮಾಡಬಾರದು. ಕೆರೆಯುವುದು ಬೆಕ್ಕಿಗೆ ಅಗತ್ಯ: ಉಗುರಿನ ಹಳೆಯ ಪದರ ಕಳಚುತ್ತದೆ, ಬೆನ್ನು ಹುರಿಗೊಳ್ಳುತ್ತದೆ, ಪಾದದ ವಾಸನೆಯ ಗುರುತು ಉಳಿಯುತ್ತದೆ. ಎಪಿಎಂಸಿಯಲ್ಲಿ ಸಿಗುವ ಹಳೆಯ ಗೋಣಿಚೀಲವನ್ನು ಗಟ್ಟಿ ಕಟ್ಟಿಗೆಯ ಕಂಬಕ್ಕೆ ಬಿಗಿದು ಸುತ್ತಿ, ಬೆಕ್ಕು ಹಿಂಗಾಲಲ್ಲಿ ನಿಂತು ಪೂರ್ತಿ ಮೈ ಚಾಚುವಷ್ಟು ಎತ್ತರ ಮಾಡಿ. ಅಲುಗಾಡುವ ಕಂಬವನ್ನು ಅದು ಮುಟ್ಟುವುದಿಲ್ಲ. ಸೋಫಾದ ಪಕ್ಕದಲ್ಲೇ ನಿಲ್ಲಿಸಿ, ರೂಢಿಯಾದ ಮೇಲೆ ಸ್ವಲ್ಪ ಸ್ವಲ್ಪ ಸರಿಸಿ.

ತಾನೇ ಬಂದು ತೊಡೆಯ ಮೇಲೆ ಕೂರುತ್ತದೆ, ಸವರುತ್ತಿರುವಾಗ ಗಬಕ್ಕನೆ ಕಚ್ಚುತ್ತದೆ. ಹೀಗೇಕೆ?

ಅದು ಮೊದಲೇ ಎಚ್ಚರಿಸಿರುತ್ತದೆ, ನಾವು ನೋಡಿರುವುದಿಲ್ಲ. ಬಾಲದ ತುದಿ ಬಡಿಯತೊಡಗುತ್ತದೆ, ಬೆನ್ನಿನ ಚರ್ಮ ಅದುರುತ್ತದೆ, ಕಿವಿ ಪಕ್ಕಕ್ಕೆ ತಿರುಗುತ್ತದೆ. ಅಷ್ಟಾದಾಗ ಕೈ ತೆಗೆಯಿರಿ. ಗಲ್ಲ ಮತ್ತು ಕಿವಿಯ ಬುಡ ಅದಕ್ಕೆ ಇಷ್ಟವಾದ ಜಾಗಗಳು, ಹೊಟ್ಟೆ ಅಲ್ಲ. ಎಂದೂ ಕಚ್ಚದ ಬೆಕ್ಕು ಮೈಯ ಒಂದು ನಿರ್ದಿಷ್ಟ ಭಾಗ ಮುಟ್ಟಿದಾಗ ಮಾತ್ರ ಕಚ್ಚಿದರೆ ಅಲ್ಲಿ ನೋವಿದೆ.

ಬೆಕ್ಕು ಮರಿ ಹಾಕಿದ ಮೇಲೆ ಏಳು ಮನೆ ತಿರುಗಿಸಲೇಬೇಕಂತೆ?

ಏಳೆಂಬ ಲೆಕ್ಕವೇನಿಲ್ಲ. ಜನ ಇಣುಕಿದರೆ, ಬೇರೆ ಗಂಡು ಬೆಕ್ಕು ಸುಳಿದರೆ, ಜಾಗ ಗಲೀಜಾದರೆ, ತಾಯಿ ಮರಿಗಳನ್ನು ಸ್ಥಳಾಂತರಿಸುತ್ತದೆ. ಮಬ್ಬುಗತ್ತಲ ಮೂಲೆಯಲ್ಲಿ ರಟ್ಟಿನ ಪೆಟ್ಟಿಗೆ ಇಟ್ಟು, ನೆರೆಮನೆಯ ಮಕ್ಕಳನ್ನು ಎರಡು ವಾರ ದೂರವಿಟ್ಟರೆ ಅದು ಅಲ್ಲೇ ನೆಲೆಸುವ ಸಾಧ್ಯತೆ ಹೆಚ್ಚು.

ರಾತ್ರಿಯಿಡೀ ಅರಚುತ್ತದೆ, ನೆಲದಲ್ಲಿ ಹೊರಳುತ್ತದೆ. ಹೊಟ್ಟೆನೋವೇ?

ಐದಾರು ತಿಂಗಳ ಹೆಣ್ಣು ಬೆಕ್ಕಾದರೆ ಅದು ಬೆದೆಗೆ ಬಂದಿದೆ. ಕೆಲವು ನಾಲ್ಕನೇ ತಿಂಗಳಿಗೇ ಬರುತ್ತವೆ. ಬೆಕ್ಕಿನಲ್ಲಿ ಸಾಮಾನ್ಯವಾಗಿ ಗಂಡು ಕೂಡಿದ ಮೇಲೆಯೇ ಅಂಡಾಣು ಬಿಡುಗಡೆಯಾಗುತ್ತದೆ, ಕೂಡದಿದ್ದರೆ ಎರಡು-ಮೂರು ವಾರಕ್ಕೊಮ್ಮೆ ಬೆದೆ ಮರುಕಳಿಸುತ್ತಲೇ ಇರುತ್ತದೆ. ಗರ್ಭದ ಅವಧಿ ಸುಮಾರು 63ರಿಂದ 65 ದಿನ. ಮರಿಗಳಿಗೆ ಹಾಲೂಡಿಸುತ್ತಿರುವಾಗಲೇ ಮತ್ತೆ ಗರ್ಭ ನಿಲ್ಲಬಹುದು.

ಐದನೇ ತಿಂಗಳ ಹೊತ್ತಿಗೆ ಶಸ್ತ್ರಚಿಕಿತ್ಸೆ ಮಾಡಿಸಿ. ಒಮ್ಮೆಯಾದರೂ ಮರಿ ಹಾಕಿದರೆ ಆರೋಗ್ಯಕ್ಕೆ ಒಳ್ಳೆಯದೆಂಬ ಮಾತಿನಲ್ಲಿ ಹುರುಳಿಲ್ಲ. ಬೇಗ ಮಾಡಿಸಿದಷ್ಟೂ ಮೊಲೆಯ ಗಡ್ಡೆಯ ಅಪಾಯ ಕಡಿಮೆ, ಬೆಕ್ಕಿನಲ್ಲಿ ಆ ಗಡ್ಡೆಗಳು ಹೆಚ್ಚಾಗಿ ಕ್ಯಾನ್ಸರೇ ಆಗಿರುತ್ತವೆ. ಗರ್ಭನಿರೋಧಕ ಗುಳಿಗೆ ಕೊಡುವವರಿದ್ದಾರೆ. ಅದರಿಂದ ಗರ್ಭಕೋಶ ಕೀವು ತುಂಬಿ ಬಂದ ಬೆಕ್ಕುಗಳನ್ನು ನೋಡಿ ಬೇಸತ್ತಿದ್ದೇನೆ.

## ಮನೆಮದ್ದು, ವಿಷ, ಬಿಸಿಲು

ಮೈ ಬಿಸಿಯಾಗಿದೆ. ಮಕ್ಕಳ ಪ್ಯಾರಸಿಟಮಾಲ್ ಕಾಲು ಗುಳಿಗೆ ಕೊಡಲೇ?

ಬೇಡ, ಒಂದು ಚೂರೂ ಬೇಡ. ಈ ಪುಟದಲ್ಲಿ ಒಂದೇ ಉತ್ತರ ಓದುವ ಸಮಯವಿದ್ದರೆ ಇದನ್ನೇ ಓದಿ. ಪ್ಯಾರಸಿಟಮಾಲನ್ನು ಸುರಕ್ಷಿತವಾಗಿ ಹೊರಹಾಕುವ ವ್ಯವಸ್ಥೆ ಬೆಕ್ಕಿನ ಯಕೃತ್ತಿನಲ್ಲಿ ತೀರಾ ದುರ್ಬಲ. ಒಂದು ಗುಳಿಗೆ ಬೆಕ್ಕನ್ನು ಕೊಲ್ಲಬಲ್ಲದು. ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಳ್ಳುತ್ತದೆ, ಒಸಡು ಕಂದು ಅಥವಾ ನೀಲಿ ಬಣ್ಣಕ್ಕೆ ತಿರುಗುತ್ತದೆ, ಮುಖ ಮತ್ತು ಪಾದ ಊದುತ್ತವೆ. ಈಗಾಗಲೇ ಕೊಟ್ಟಿದ್ದರೆ ಲಕ್ಷಣಕ್ಕಾಗಿ ಕಾಯದೆ ಹೊರಡಿ. ಪ್ರತ್ಯೌಷಧವಿದೆ, ಬೇಗ ಕೊಟ್ಟರೆ ಮಾತ್ರ ಫಲ.

ಬೆಕ್ಕಿನ ಸಹಜ ದೇಹತಾಪ 38ರಿಂದ 39.2 ಡಿಗ್ರಿ ಸೆಲ್ಸಿಯಸ್. ನಮ್ಮ ಕೈಗೆ ಅದು ಯಾವಾಗಲೂ ಬಿಸಿಯೇ.

ಚಿಗಟಕ್ಕೆ ಎಮ್ಮೆಗೆ ಹಾಕುವ ಉಣ್ಣೆ ಔಷಧವನ್ನೇ ಸ್ವಲ್ಪ ಹಚ್ಚಬಹುದೇ?

ಹಚ್ಚಬಾರದು. ದನಕ್ಕೂ ನಾಯಿಗೂ ಬಳಸುವ ಹಲವು ಔಷಧಗಳಲ್ಲಿರುವ ಪರ್ಮೆಥ್ರಿನ್ ಜಾತಿಯ ರಾಸಾಯನಿಕ ಬೆಕ್ಕಿಗೆ ವಿಷ. ಮೈ ನಡುಗಿ ಸೆಳೆತ ಬರುತ್ತದೆ. ಸೀಮೆಎಣ್ಣೆ, ಕರ್ಪೂರ, ನೆಲ ಒರೆಸುವ ಫಿನೈಲ್ ಕೂಡ ಬೇಡ. ಬೆಕ್ಕು ಮೈಗೆ ಹತ್ತಿದ್ದನ್ನೆಲ್ಲ ನೆಕ್ಕಿ ಹೊಟ್ಟೆಗೆ ಇಳಿಸುತ್ತದೆ ಎಂಬುದು ಸದಾ ನೆನಪಿರಲಿ.

ಚಿಗಟವೇ ಎಂದು ಖಚಿತವಾಗಬೇಕಾದರೆ ಒತ್ತು ಹಣಿಗೆಯಿಂದ ಬಾಚಿ, ಉದುರಿದ ಕಪ್ಪು ಪುಡಿಯನ್ನು ಒದ್ದೆ ಬಿಳಿ ಕಾಗದದ ಮೇಲೆ ಹಾಕಿ. ಸುತ್ತ ಕೆಂಪು ಹರಡಿದರೆ ಅದು ಚಿಗಟದ ಹಿಕ್ಕೆಯಲ್ಲಿರುವ ರಕ್ತ. ಬೆಕ್ಕಿಗೆಂದೇ ಇರುವ ಹನಿ ಔಷಧವನ್ನು ತೂಕಕ್ಕೆ ತಕ್ಕಂತೆ ಕುತ್ತಿಗೆಯ ಹಿಂದೆ ಹಾಕಿಸಿ. ಗುದದ ಸುತ್ತ ಅಕ್ಕಿ ಕಾಳಿನಂತಹ ತುಣುಕು ಕಂಡರೆ ಲಾಡಿಹುಳು. ಅದು ಹೆಚ್ಚಾಗಿ ಚಿಗಟವನ್ನು ನುಂಗಿದ್ದರಿಂದ ಬರುತ್ತದೆ, ಆದ್ದರಿಂದ ಎರಡಕ್ಕೂ ಒಟ್ಟಿಗೆ ಚಿಕಿತ್ಸೆ.

ಪಕ್ಕದ ಗೋದಾಮಿನಲ್ಲಿ ಇಲಿ ಪಾಷಾಣ ಇಟ್ಟಿದ್ದಾರೆ. ಸತ್ತ ಇಲಿ ತಿಂದರೆ ಏನಾಗುತ್ತದೆ?

ಯಾವ ಪಾಷಾಣ ಎಂಬುದರ ಮೇಲಿದೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಬಗೆಯದಾದರೆ ಎರಡರಿಂದ ಐದು ದಿನ ಏನೂ ಕಾಣುವುದಿಲ್ಲ, ಆಮೇಲೆ ಒಸಡು ಬಿಳಿಚಿ, ಉಸಿರಾಟ ಕಷ್ಟವಾಗಿ, ಮೂಗಿನಲ್ಲಿ ರಕ್ತ ಬರುತ್ತದೆ. ಇದಕ್ಕೆ ಕೆ1 ಜೀವಸತ್ವದ ಚಿಕಿತ್ಸೆ ಇದೆ, ವಾರಗಟ್ಟಲೆ ಕೊಡಬೇಕು. ಹೊಲಗಳಲ್ಲಿ ಬಳಸುವ ಕಪ್ಪು ಪುಡಿ, ಅಂದರೆ ಜಿಂಕ್ ಫಾಸ್ಫೈಡ್, ಹೊಟ್ಟೆಯ ಆಮ್ಲಕ್ಕೆ ಸೇರಿ ವಿಷಾನಿಲವಾಗುತ್ತದೆ. ಅದಕ್ಕೆ ಪ್ರತ್ಯೌಷಧವಿಲ್ಲ. ವಾಂತಿಯ ವಾಸನೆ ಮನುಷ್ಯರಿಗೂ ಅಪಾಯ, ಕಿಟಕಿ ತೆರೆದಿಡಿ. ಪಾಷಾಣದ ಪೊಟ್ಟಣ ಸಿಕ್ಕರೆ ಬೆಕ್ಕಿನ ಜೊತೆ ತನ್ನಿ, ಹೆಸರು ತಿಳಿದರೆ ಚಿಕಿತ್ಸೆಯ ದಾರಿ ತಿಳಿಯುತ್ತದೆ.

ನಮ್ಮದು ಮಗ್ಗದ ಮನೆ. ಬೆಕ್ಕು ನೂಲು ನುಂಗಿದೆ, ತುದಿ ಹೊರಗೆ ಕಾಣುತ್ತಿದೆ. ಎಳೆದುಬಿಡಲೇ?

ಎಳೆಯಬೇಡಿ. ಇಳಕಲ್, ಗುಳೇದಗುಡ್ಡ, ರಬಕವಿ-ಬನಹಟ್ಟಿಯ ನೇಕಾರ ಮನೆಗಳಿಂದ ಬರುವ ಈ ಪ್ರಶ್ನೆಯನ್ನು ಬೇರೆ ಊರಿನವರೂ ಓದಬೇಕು, ಗಾಳಿಪಟದ ದಾರ, ಹೊಲಿಗೆಯ ದಾರಕ್ಕೂ ಇದು ಅನ್ವಯಿಸುತ್ತದೆ. ಬೆಕ್ಕಿನ ನಾಲಿಗೆಯ ಮೇಲಿನ ಮುಳ್ಳುಗಳು ಗಂಟಲ ಕಡೆಗೆ ಬಾಗಿವೆ. ದಾರ ಒಮ್ಮೆ ಅದಕ್ಕೆ ಸಿಕ್ಕರೆ ಉಗುಳಲು ಆಗುವುದಿಲ್ಲ, ಒಳಗೇ ಹೋಗುತ್ತದೆ. ಒಂದು ತುದಿ ನಾಲಿಗೆಯ ಬುಡಕ್ಕೆ ಸುತ್ತಿಕೊಂಡು ಇನ್ನೊಂದು ಕರುಳಿಗೆ ಇಳಿದಿರುತ್ತದೆ. ಕರುಳು ಅದನ್ನು ಮುಂದೆ ನೂಕಲು ಹೋಗಿ ತಾನೇ ನೆರಿಗೆಯಾಗುತ್ತದೆ, ದಾರ ಅದರ ಗೋಡೆಯನ್ನು ಸೀಳುತ್ತದೆ. ಎಳೆದರೆ ಆ ಸೀಳುವ ಕೆಲಸವನ್ನು ನೀವೇ ಮಾಡಿದಂತೆ.

ಬಾಯಲ್ಲಿರಲಿ, ಗುದದಲ್ಲಿರಲಿ, ಹೊರಗೆ ಕಾಣುವ ತುದಿಯನ್ನು ಮುಟ್ಟದೆ ಬೆಕ್ಕನ್ನು ಕರೆತನ್ನಿ. ವಾಂತಿ, ಊಟ ಬಿಡುವುದು, ಮುದುಡಿ ಕೂರುವುದು ಇದ್ದರೆ ಶಸ್ತ್ರಚಿಕಿತ್ಸೆ ಬೇಕಾಗಬಹುದು, ತಡವಾದಷ್ಟೂ ಕಷ್ಟ. ರಾತ್ರಿ ಮಗ್ಗ ನಿಲ್ಲಿಸಿದ ಮೇಲೆ ನೂಲಿನ ತುಣುಕುಗಳನ್ನು ಗುಡಿಸಿ ಮುಚ್ಚಳದ ಡಬ್ಬಿಗೆ ಹಾಕಿ.

ವಿಜಯಪುರದ ಬೇಸಿಗೆಯಲ್ಲಿ ಬೆಕ್ಕು ಬಾಯಿ ತೆರೆದು ಏದುಸಿರು ಬಿಡುತ್ತಿದೆ. ನಾಯಿಯಂತೆ ಇದಕ್ಕೂ ಸಹಜವೇ?

ಸಹಜವಲ್ಲ. ಬೆಕ್ಕು ಬಾಯಿ ತೆರೆದು ಉಸಿರಾಡಿದರೆ ಬಿಸಿಲಾಘಾತ, ಹೃದಯದ ತೊಂದರೆ ಅಥವಾ ಅತೀವ ಭಯ ಕಾರಣ. ತಾಪಮಾನ 40 ಡಿಗ್ರಿ ದಾಟುವ ಏಪ್ರಿಲ್-ಮೇ ದಿನಗಳಲ್ಲಿ ತಗಡಿನ ಮನೆಯೊಳಗೆ, ನಿಲ್ಲಿಸಿದ ಕಾರಿನೊಳಗೆ ಬೆಕ್ಕನ್ನು ಬಿಡಬೇಡಿ. ಮೈ ಮುಟ್ಟಿದರೆ ಸುಡುವಷ್ಟು ಬಿಸಿಯಿದ್ದರೆ ತಣ್ಣೀರಿನಿಂದ ಕಿಬ್ಬೊಟ್ಟೆ, ಕಂಕುಳು, ಪಾದ ತೋಯಿಸಿ ಫ್ಯಾನಿನ ಕೆಳಗಿಡಿ. ಮಂಜುಗಡ್ಡೆ ನೀರು ಬೇಡ. ಸುಧಾರಿಸಿದಂತೆ ಕಂಡರೂ ಒಮ್ಮೆ ತೋರಿಸಿ, ಒಳಗಿನ ಅಂಗಗಳಿಗೆ ಆದ ಪೆಟ್ಟು ತಡವಾಗಿ ಕಾಣುತ್ತದೆ. ಬಿಳಿ ಬೆಕ್ಕುಗಳ ಕಿವಿಯಂಚು ಮತ್ತು ಮೂಗಿಗೆ ವರ್ಷಗಟ್ಟಲೆ ಬಿಸಿಲು ತಾಗಿದರೆ ಅಲ್ಲಿ ಚರ್ಮದ ಕ್ಯಾನ್ಸರ್ ಬರಬಹುದು, ಒಣಗದ ಹುಣ್ಣನ್ನು ಕಡೆಗಣಿಸಬೇಡಿ.

## ಕಾಯಿಲೆಗಳು

ಗಂಡು ಬೆಕ್ಕು ಬೆಳಿಗ್ಗೆಯಿಂದ ಟ್ರೇಯಲ್ಲಿ ಕುಳಿತು ತಿಣುಕುತ್ತಿದೆ. ಮಲಬದ್ಧತೆಗೆ ಹರಳೆಣ್ಣೆ ಕುಡಿಸಿದ್ದೇವೆ. ನಾಳೆವರೆಗೆ ಕಾಯಬಹುದೇ?

ಕಾಯಬೇಡಿ, ಈಗಲೇ ಹೊರಡಿ. ಇದು ಮಲಬದ್ಧತೆಯಾಗಿರುವುದಕ್ಕಿಂತ ಮೂತ್ರ ಕಟ್ಟಿರುವ ಸಾಧ್ಯತೆಯೇ ಹೆಚ್ಚು. ಗಂಡು ಬೆಕ್ಕಿನ ಮೂತ್ರನಾಳ ಬಹಳ ಕಿರಿದು. ಹರಳುಗಳೋ ಲೋಳೆಯ ಗಂಟೋ ಅದನ್ನು ಮುಚ್ಚಿದರೆ ಮೂತ್ರಕೋಶ ಬಿಗಿಯುತ್ತದೆ, ಹೊರಹೋಗಬೇಕಾದ ಪೊಟ್ಯಾಸಿಯಂ ರಕ್ತದಲ್ಲೇ ಉಳಿಯುತ್ತದೆ, ಒಂದೆರಡು ದಿನದಲ್ಲಿ ಹೃದಯ ನಿಲ್ಲುತ್ತದೆ. ಪದೇ ಪದೇ ಟ್ರೇಗೆ ಹೋಗಿ ಹನಿಯಷ್ಟೇ ಬರುವುದು ಅಥವಾ ಏನೂ ಬಾರದಿರುವುದು, ಜನನಾಂಗವನ್ನು ನೆಕ್ಕುತ್ತಲೇ ಇರುವುದು, ಕೂಗುವುದು, ಆಮೇಲೆ ವಾಂತಿ, ಮಂಕು: ಇದೇ ಅದರ ಕ್ರಮ. ಹೊಟ್ಟೆ ಒತ್ತಿ ಮೂತ್ರ ತೆಗೆಸಲು ಯತ್ನಿಸಬೇಡಿ, ಮೂತ್ರಕೋಶ ಒಡೆಯಬಹುದು.

ವೈದ್ಯರು ಅರಿವಳಿಕೆ ಕೊಟ್ಟು ನಾಳದಲ್ಲಿ ಕೊಳವೆ ಹಾಕುತ್ತಾರೆ, ಸಲೈನ್ ಹಚ್ಚುತ್ತಾರೆ. ಉಳಿದುಕೊಂಡ ಮೇಲೆ ಮತ್ತೆ ಕಟ್ಟದಂತೆ ನೋಡಿಕೊಳ್ಳುವುದು ಮನೆಯವರ ಕೆಲಸ. ನೀರು ಹೆಚ್ಚು ಹೊಟ್ಟೆಗೆ ಹೋಗಬೇಕು. ಒಣ ಆಹಾರಕ್ಕಿಂತ ತೇವದ ಆಹಾರ ಕೊಡಿ, ನಾಲ್ಕಾರು ಕಡೆ ಅಗಲ ಬಾಯಿಯ ಪಾತ್ರೆಗಳಲ್ಲಿ ನೀರಿಡಿ, ತೂಕ ಇಳಿಸಿ. ಮನೆಗೆ ನೆಂಟರು ಬಂದಾಗ, ಸುಣ್ಣ-ಬಣ್ಣ ಮಾಡಿಸುವಾಗ, ದೀಪಾವಳಿಯ ಪಟಾಕಿಯ ದಿನಗಳಲ್ಲಿ ಬೆಕ್ಕಿಗೆ ಒಂದು ಸದ್ದಿಲ್ಲದ ಕೋಣೆ ಕೊಡಿ. ಒತ್ತಡಕ್ಕೂ ಮೂತ್ರಕೋಶದ ಉರಿಯೂತಕ್ಕೂ ನೇರ ಸಂಬಂಧವಿದೆ.

ಎರಡು ದಿನದಿಂದ ಏನೂ ತಿಂದಿಲ್ಲ. ಹಸಿದರೆ ತಾನೇ ತಿನ್ನುತ್ತದಲ್ಲವೇ?

ನಾಯಿಯ ವಿಷಯದಲ್ಲಿ ಸ್ವಲ್ಪ ಕಾಯಬಹುದು, ಬೆಕ್ಕಿನಲ್ಲಿ ಬೇಡ. ಎರಡು-ಮೂರು ದಿನ ಉಪವಾಸವಿದ್ದರೆ ಮೈಯ ಕೊಬ್ಬು ಕರಗಿ ಯಕೃತ್ತಿನಲ್ಲಿ ಜಮೆಯಾಗುತ್ತದೆ, ಯಕೃತ್ತು ಕೆಲಸ ನಿಲ್ಲಿಸುತ್ತದೆ, ಕಣ್ಣು-ಒಸಡು ಹಳದಿಯಾಗುತ್ತದೆ. ದಪ್ಪ ಬೆಕ್ಕಿಗೆ ಈ ಅಪಾಯ ಹೆಚ್ಚು. ಒಂದು ದಿನ ಪೂರ್ತಿ ಮುಟ್ಟದಿದ್ದರೆ ತೋರಿಸಿ. ಮೂಗು ಕಟ್ಟಿರುವ ಬೆಕ್ಕು ವಾಸನೆ ಸಿಗದೆ ಊಟ ಬಿಡುತ್ತದೆ. ಅಂಥದಕ್ಕೆ ಆಹಾರವನ್ನು ಉಗುರುಬೆಚ್ಚಗೆ ಮಾಡಿ ಕೊಡಿ, ಬಿಸಿನೀರಿನ ಆವಿ ತುಂಬಿದ ಬಚ್ಚಲಲ್ಲಿ ಸ್ವಲ್ಪ ಹೊತ್ತು ಕೂರಿಸಿ.

ವಾಂತಿ ಮಾಡುವುದು ಬೆಕ್ಕಿನ ಜಾತಿಗುಣವಲ್ಲವೇ?

ಆಗೊಮ್ಮೆ ಈಗೊಮ್ಮೆ ಕೂದಲುಂಡೆ ಕಾರಿದರೆ ಚಿಂತೆಯಿಲ್ಲ. ವಾರವಾರವೂ ವಾಂತಿಯಾದರೆ, ಅದರೊಂದಿಗೆ ತೂಕ ಇಳಿದರೆ, ಪರೀಕ್ಷೆ ಬೇಕು.

ಮರಿಗಳು ಒಂದರ ಹಿಂದೆ ಒಂದು ಸತ್ತವು. ಯಾರೋ ವಿಷ ಹಾಕಿದ್ದಾರೆಯೇ?

ನೆರೆಯವರೊಡನೆ ಜಗಳಕ್ಕೆ ಹೋಗುವ ಮೊದಲು ಪ್ಯಾನ್‌ಲ್ಯುಕೊಪೀನಿಯಾ ಎಂಬ ಕಾಯಿಲೆಯನ್ನು ನೆನೆಯಿರಿ. ನಾಯಿಗಳ ಪಾರ್ವೊ ವೈರಸ್ಸಿನ ಹತ್ತಿರದ ಸಂಬಂಧಿ ಇದಕ್ಕೆ ಕಾರಣ. ಜ್ವರ, ವಾಂತಿ, ಭೇದಿ, ನೀರಿನ ಬಟ್ಟಲ ಮೇಲೆ ತಲೆಬಾಗಿ ಕುಳಿತೂ ಕುಡಿಯಲಾಗದ ಸ್ಥಿತಿ. ಬಿಳಿ ರಕ್ತಕಣಗಳು ನೆಲಕಚ್ಚುತ್ತವೆ. ಲಸಿಕೆಯಿಲ್ಲದ ಮರಿ ಒಂದೆರಡು ದಿನದಲ್ಲೇ ಸಾಯಬಹುದು. ವೈರಸ್ಸು ಮನೆಯೊಳಗೆ ಒಂದು ವರ್ಷದವರೆಗೂ ಬದುಕಿರಬಲ್ಲದು, ಸಾಬೂನು-ಫಿನೈಲಿಗೆ ಬಗ್ಗುವುದಿಲ್ಲ. ಒಂದು ಭಾಗ ಬ್ಲೀಚ್ ದ್ರಾವಣಕ್ಕೆ 32 ಭಾಗ ನೀರು ಬೆರೆಸಿ ನೆಲ, ಪಾತ್ರೆಗಳನ್ನು ತೊಳೆದು ಹತ್ತು ನಿಮಿಷ ಬಿಡಿ, ಆಮೇಲೆ ನೀರಿನಿಂದ ತೊಳೆಯಿರಿ. ಹಾಸಿಗೆ, ಮರದ ವಸ್ತು ಬಿಸಾಡಿ. ಆ ಮನೆಗೆ ಪೂರ್ಣ ಲಸಿಕೆಯಾದ ಬೆಕ್ಕನ್ನು ಬಿಟ್ಟು ಬೇರೆ ತರಬೇಡಿ.

ಮರಿಯ ಮುಖದ ಕೂದಲು ದುಂಡಗೆ ಉದುರಿದೆ, ಈಗ ಮಗನ ತೋಳಿನಲ್ಲೂ ಗಜಕರ್ಣ ಎದ್ದಿದೆ.

ಅದೇ ಶಿಲೀಂಧ್ರ ಇಬ್ಬರಿಗೂ ಹರಡಿದೆ. ಮಗನನ್ನು ಚರ್ಮವೈದ್ಯರಿಗೂ ಬೆಕ್ಕನ್ನು ಪಶುವೈದ್ಯರಿಗೂ ಒಂದೇ ವಾರದಲ್ಲಿ ತೋರಿಸಿ. ಒಬ್ಬರಿಗೆ ಮಾತ್ರ ಔಷಧ ಮಾಡಿದರೆ ಮತ್ತೆ ಬರುತ್ತದೆ. ಸ್ಟೀರಾಯ್ಡ್ ಬೆರೆತ ಮುಲಾಮನ್ನು ಅಂಗಡಿಯಿಂದ ತಂದು ಹಚ್ಚಬೇಡಿ.

ಹೊಟ್ಟೆಯಲ್ಲಿ ನೀರು ತುಂಬಿದೆ, ಎಫ್‌ಐಪಿ ಎಂದಿದ್ದಾರೆ. ಬದುಕುವುದಿಲ್ಲ ಎಂದರು. ನಿಜವೇ?

ಕೆಲವು ವರ್ಷಗಳ ಹಿಂದಿನವರೆಗೆ ನಿಜವಾಗಿತ್ತು, ಈಗ ಅಲ್ಲ. ಎಫ್‌ಐಪಿ ಎಂದರೆ ಫೆಲೈನ್ ಇನ್ಫೆಕ್ಷಿಯಸ್ ಪೆರಿಟೊನೈಟಿಸ್. ಬೆಕ್ಕುಗಳ ಕರುಳಲ್ಲಿ ಸಾಮಾನ್ಯವಾಗಿರುವ ಒಂದು ಕೊರೊನಾ ವೈರಸ್ ಕೆಲವು ಬೆಕ್ಕುಗಳಲ್ಲಿ, ಹೆಚ್ಚಾಗಿ ಎರಡು ವರ್ಷದೊಳಗಿನವುಗಳಲ್ಲಿ, ರೂಪಾಂತರಗೊಂಡು ಈ ರೋಗವಾಗುತ್ತದೆ. ಮನುಷ್ಯರಿಗೆ ಹರಡುವುದಿಲ್ಲ, ಕೋವಿಡ್‌ಗೆ ಸಂಬಂಧವಿಲ್ಲ. ಜಿಎಸ್-441524 ಎಂಬ ಔಷಧ ಮತ್ತು ಅದರ ಸಂಬಂಧಿ ರೆಮ್ಡೆಸಿವಿರ್ ಬಂದ ಮೇಲೆ ಚಿಕಿತ್ಸೆ ಪಡೆದ ಬಹುಪಾಲು ಬೆಕ್ಕುಗಳು ಗುಣವಾಗುತ್ತಿವೆ. ರೂಢಿಯ ಅವಧಿ 84 ದಿನ, ಒಂದು ದಿನವೂ ತಪ್ಪಬಾರದು, ನಡುನಡುವೆ ರಕ್ತ ಪರೀಕ್ಷೆ. ಖರ್ಚು ದೊಡ್ಡದು, ಅದನ್ನು ಮೊದಲೇ ವೈದ್ಯರೊಂದಿಗೆ ಬಿಚ್ಚಿ ಮಾತಾಡಿ. ಮೈಯ ನೀರು ತೆಗೆದು ಪರೀಕ್ಷಿಸದೆ ಬರೀ ಹೊಟ್ಟೆ ನೋಡಿ ಈ ರೋಗವೆಂದು ತೀರ್ಮಾನಿಸಬಾರದು, ಹೃದಯ-ಯಕೃತ್ತಿನ ಕಾಯಿಲೆಯಲ್ಲೂ ಹೊಟ್ಟೆ ಹೀಗೆಯೇ ಊದುತ್ತದೆ.

ಹನ್ನೆರಡು ವರ್ಷದ ಬೆಕ್ಕು ಬಡಕಲಾಗಿದೆ, ಸದಾ ನೀರು ಕುಡಿಯುತ್ತದೆ, ರಾತ್ರಿ ಗೋಡೆ ನೋಡಿ ಕೂಗುತ್ತದೆ. ವಯಸ್ಸಾಯಿತು ಎಂದು ಬಿಟ್ಟುಬಿಡುವುದೇ?

ಬಿಡಬೇಡಿ, ಇಲ್ಲಿ ಮಾಡುವುದು ಬಹಳವಿದೆ. ಹೆಚ್ಚು ನೀರು, ಹೆಚ್ಚು ಮೂತ್ರ, ಇಳಿಯುವ ತೂಕ ಇವು ಮೂರು ಕಾಯಿಲೆಗಳ ಕಡೆ ಬೆರಳು ತೋರಿಸುತ್ತವೆ. ಊಟ ತಗ್ಗಿದ್ದರೆ ಮೂತ್ರಪಿಂಡ. ಮೂತ್ರಪಿಂಡ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ಕಶ್ಮಲ ರಕ್ತದಲ್ಲಿ ಏರುವ ಹೊತ್ತಿಗೆ ಮೂತ್ರಪಿಂಡದ ಸುಮಾರು ಮುಕ್ಕಾಲು ಭಾಗ ಕೆಲಸ ಬಿಟ್ಟಿರುತ್ತದೆ, ಆದ್ದರಿಂದ ಏಳೆಂಟು ವರ್ಷದ ನಂತರ ವರ್ಷಕ್ಕೊಮ್ಮೆ ರಕ್ತ-ಮೂತ್ರ ಪರೀಕ್ಷೆ ಮಾಡಿಸುವುದು ಮೇಲು. ರಂಜಕ ಕಡಿಮೆಯಿರುವ ಆಹಾರ ಕೊಟ್ಟು ವರ್ಷಗಟ್ಟಲೆ ನೆಮ್ಮದಿಯಿಂದ ಇಟ್ಟುಕೊಳ್ಳಬಹುದು. ಊಟ ಮೊದಲಿಗಿಂತ ಹೆಚ್ಚಿದ್ದೂ ಬಡಕಲಾಗುತ್ತಿದ್ದರೆ ಥೈರಾಯ್ಡ್ ಅತಿಯಾಗಿ ಕೆಲಸ ಮಾಡುತ್ತಿರಬಹುದು, ಟಿ4 ಎಂಬ ಥೈರಾಯ್ಡ್ ಹಾರ್ಮೋನಿನ ರಕ್ತ ಪರೀಕ್ಷೆ ಹೇಳುತ್ತದೆ, ಗುಳಿಗೆಯಲ್ಲಿ ಹತೋಟಿಗೆ ಬರುತ್ತದೆ. ಮೂರನೆಯದು ಸಕ್ಕರೆ ಕಾಯಿಲೆ. ಹಿಂಗಾಲಿನ ಹಿಮ್ಮಡಿ ನೆಲಕ್ಕೂರಿ ನಡೆಯುವುದು ಅದರ ಒಂದು ಗುರುತು. ಬೇಗ ಇನ್ಸುಲಿನ್ ಶುರುಮಾಡಿ ಆಹಾರ ಬದಲಿಸಿದರೆ ಕೆಲವು ಬೆಕ್ಕುಗಳಿಗೆ ಮುಂದೆ ಇನ್ಸುಲಿನ್ ಬೇಕಾಗುವುದೇ ಇಲ್ಲ.

ರಾತ್ರಿಯ ಕೂಗಿಗೆ ಮುಪ್ಪಿನ ಮರೆವು ಕಾರಣವಿರಬಹುದು. ಆದರೆ ಮೂತ್ರಪಿಂಡ, ಥೈರಾಯ್ಡ್ ಎರಡರಲ್ಲೂ ರಕ್ತದೊತ್ತಡ ಏರುತ್ತದೆ, ಅದರಿಂದ ಅಕ್ಷಿಪಟಲ ಕಳಚಿ ಬೆಕ್ಕು ದಿಢೀರನೆ ಕುರುಡಾಗಬಹುದು. ಕತ್ತಲಲ್ಲಿ ಗೋಡೆಗೆ ಬಡಿದುಕೊಳ್ಳುತ್ತಿದೆಯೇ, ಬೆಳಕಿನಲ್ಲೂ ಪಾಪೆ ಅಗಲವಾಗಿಯೇ ಉಳಿಯುತ್ತದೆಯೇ ನೋಡಿ. ಹಾಗಿದ್ದರೆ ಅದೇ ದಿನ ರಕ್ತದೊತ್ತಡ ಅಳೆಸಿ. ಬೇಗ ಔಷಧ ಬಿದ್ದರೆ ಸ್ವಲ್ಪ ದೃಷ್ಟಿ ಮರಳುವುದುಂಟು. ಅಲ್ಲಿಯವರೆಗೆ ಊಟದ ತಟ್ಟೆ, ನೀರು, ಟ್ರೇ ಯಾವುದರ ಜಾಗವನ್ನೂ ಬದಲಿಸಬೇಡಿ. ಟ್ರೇಯ ಅಂಚು ತಗ್ಗಾಗಿರಲಿ, ರಾತ್ರಿ ಒಂದು ಸಣ್ಣ ದೀಪ ಉರಿಯುತ್ತಿರಲಿ.